ನ್ಯಾಕ್ ಬರುತ್ತಿದೆ, ಕಡತ ಎಲ್ಲಿದೆ?

ನಮ್ಮ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಹೊಸ ಪೇಂಟಿನ ವಾಸನೆ ಬಂದರೆ ಹುಡುಗರು ಕೇಳುತ್ತಿದ್ದರು: “ಸರ್, ನ್ಯಾಕ್ ಬರ್ತಿದೆಯಾ?” ನ್ಯಾಕ್ ಅಂದರೆ ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆದು ಗ್ರೇಡ್ ಕೊಡುವ ಸಂಸ್ಥೆ. ಕಲ್ಲುಬೆಂಚಿಗೆ ಬಣ್ಣ, ಮರಗಳಿಗೆ ಹೆಸರಿನ ಹಲಗೆ, ವರ್ಷಗಟ್ಟಲೆ ಸೋರುತ್ತಿದ್ದ ನಲ್ಲಿಗೆ ಹೊಸ ತಿರುಪು. ಎಲ್ಲವೂ ಒಂದೇ ತಿಂಗಳಲ್ಲಿ. ಈ ಸಡಗರವನ್ನು ನಾನು ಎರಡು ಸಲ ಹತ್ತಿರದಿಂದ ನೋಡಿದ್ದೇನೆ. ಮೊದಲ ಸಲ ಬರೀ ವಿಭಾಗದ ಮೇಷ್ಟ್ರು. ಎರಡನೆಯ ಸಲ ಐಕ್ಯೂಎಸಿ, ಅಂದರೆ ಆಂತರಿಕ ಗುಣಮಟ್ಟ ಖಾತರಿ ಕೋಶದ ಸಂಯೋಜಕ. ಆಗ ಗೊತ್ತಾಯಿತು, ಪೇಂಟಿಗೆ ಅಂಕ ಇಲ್ಲ. ಅಂಕ ಇರುವುದು ಹಾಳೆಗೆ. ಅದೂ ಕೆಲಸ ನಡೆದ ದಿನವೇ ಹುಟ್ಟಿದ ಹಾಳೆಗೆ.

“ಮುಂದಿನ ಸೈಕಲ್‌ಗೆ ನೀವೇ ಸಂಯೋಜಕರು” ಎಂಬ ಆದೇಶ ಈಗಷ್ಟೇ ಕೈಗೆ ಬಂದಿರುವ ಮೇಷ್ಟ್ರಿಗೆ, ಮೇಡಂಗೆ ಈ ಬರಹ. ಸೈಕಲ್ ಎಂದರೆ ನ್ಯಾಕ್ ಮೌಲ್ಯಮಾಪನದ ಒಂದು ಸುತ್ತು. ಕೈಪಿಡಿಯಲ್ಲಿ ಇರುವುದನ್ನು ಪೂರ್ತಿ ಇಲ್ಲಿ ಹೇಳುವುದಿಲ್ಲ. ಕೈಪಿಡಿ ಓದಿದ ಮೇಲೂ ಎಲ್ಲಿ ಎಡವುತ್ತೇವೆ ಎನ್ನುವುದನ್ನು ಹೇಳುತ್ತೇನೆ.

ಈ ಪರೀಕ್ಷೆಯ ಅಂಕಪಟ್ಟಿ ಹೇಗಿದೆ

ನ್ಯಾಕ್ ಎಂದರೆ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ 1994ರಲ್ಲಿ ಹುಟ್ಟುಹಾಕಿದ ಸಂಸ್ಥೆ. ಕಚೇರಿ ನಮ್ಮ ಬೆಂಗಳೂರಿನ ನಾಗರಬಾವಿಯಲ್ಲೇ ಇದೆ. ಹತ್ತಿರದಲ್ಲೇ ಇದೆಯಲ್ಲ ಎಂದು ಹೋಗಿ ಕೂತರೆ ಪ್ರಯೋಜನ ಇಲ್ಲ. ಕೆಲಸ ನಡೆಯುವುದೆಲ್ಲ ಪೋರ್ಟಲ್‌ನಲ್ಲಿ.

ನಾನು ಇಲ್ಲಿ ಹೇಳುವ ಪದ್ಧತಿ 2017ರ ಜುಲೈಯಿಂದ ಬಂದದ್ದು. 7 ಮಾನದಂಡ, ಒಟ್ಟು 1000 ಅಂಕ. ವಿಶ್ವವಿದ್ಯಾಲಯಕ್ಕೆ ಪಠ್ಯಕ್ರಮ 150, ಬೋಧನೆ ಮತ್ತು ಮೌಲ್ಯಮಾಪನ 200, ಸಂಶೋಧನೆ ಮತ್ತು ವಿಸ್ತರಣೆ 250. ಉಳಿದ ನಾಲ್ಕಕ್ಕೆ, ಅಂದರೆ ಮೂಲಸೌಕರ್ಯ, ವಿದ್ಯಾರ್ಥಿ ಬೆಂಬಲ, ಆಡಳಿತ, ಸಂಸ್ಥೆಯ ಮೌಲ್ಯಗಳಿಗೆ ತಲಾ 100. ಸಂಯೋಜಿತ ಕಾಲೇಜುಗಳಿಗೆ ಲೆಕ್ಕವೇ ಬೇರೆ. ಅಲ್ಲಿ ಬೋಧನೆಗೆ 350, ಸಂಶೋಧನೆಗೆ ಹೆಚ್ಚುಕಡಿಮೆ ಅದರ ಮೂರನೇ ಒಂದು ಪಾಲು. ಹಾಗಾಗಿ ಕಾಲೇಜಿನಲ್ಲಿ ನ್ಯಾಕ್ ಮಾಡಿಸಿ ಗೆದ್ದವರ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸಬೇಡಿ. ಅವರ ದಾರಿ ನಮ್ಮದಲ್ಲ.

ನೂರಕ್ಕೆ ಸುಮಾರು 70ರಷ್ಟು ಭಾಗ ಅಂಕಿಅಂಶದ ಮೇಲೆ ನಿಂತಿದೆ. ಅದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಉಳಿದ 30ರಷ್ಟು ಮಾತ್ರ ಪೀರ್ ಟೀಮ್, ಅಂದರೆ ನ್ಯಾಕ್ ಕಳಿಸುವ ಪರಿಶೀಲನಾ ತಂಡ ಬಂದು ನೋಡಿ ಕೊಡುವುದು. ಕೊನೆಗೆ ಬರುವ ಸಿಜಿಪಿಎ, ಅಂದರೆ ಒಟ್ಟು ಸರಾಸರಿ ಅಂಕ, 4ಕ್ಕೆ. 3.51ರಿಂದ ಎ ಡಬಲ್ ಪ್ಲಸ್, 3.26ರಿಂದ ಎ ಪ್ಲಸ್, 3.01ರಿಂದ ಎ. ಅದರ ಕೆಳಗೆ ಬಿ ಸಾಲು, ಸಿ. 1.50 ದಾಟದಿದ್ದರೆ ಡಿ, ಅಂದರೆ ಮಾನ್ಯತೆಯೇ ಇಲ್ಲ. 3.25 ಬಂದರೆ ಎ, 3.26 ಬಂದರೆ ಎ ಪ್ಲಸ್. ಆ 0.01 ಯಾವ ಕಪಾಟಿನಲ್ಲಿ ಕಳೆದುಹೋಯಿತು ಎಂದು ಆಮೇಲೆ ತಲೆ ಚಚ್ಚಿಕೊಳ್ಳುವವರು ಬೇಕಾದಷ್ಟು ಜನ. ಇದು ಬರೀ ಮರ್ಯಾದೆಯ ಪ್ರಶ್ನೆಯೂ ಅಲ್ಲ. ಯುಜಿಸಿಯ 2020ರ ನಿಯಮಗಳಲ್ಲಿ ದೂರಶಿಕ್ಷಣ ನಡೆಸಲು 3.01, ಪೂರ್ತಿ ಆನ್‌ಲೈನ್ ಪದವಿ ಕೊಡಲು 3.26 ಎಂದು ಗೆರೆ ಎಳೆದಿದ್ದಾರೆ.

ಇನ್ನೊಂದು ಮಾತು. 2024ರ ಜನವರಿಯಲ್ಲಿ ನ್ಯಾಕ್ ಹೊಸ ಪದ್ಧತಿಯನ್ನು ಘೋಷಿಸಿತು. ಇಸ್ರೊ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಸಮಿತಿಯ ಶಿಫಾರಸು ಅದರ ಬುನಾದಿ. ಮಾನ್ಯತೆ ಇದೆ ಅಥವಾ ಇಲ್ಲ ಎಂಬ ಎರಡೇ ಉತ್ತರ, ಆಮೇಲೆ ಮುಂದುವರಿಯುವವರಿಗೆ 1ರಿಂದ 5ರವರೆಗಿನ ಮಟ್ಟಗಳು. ಗ್ರೇಡಿನ ಹೆಸರು ಬದಲಾಗಬಹುದು, ಕೇಳುವ ಹಾಳೆ ಬದಲಾಗುವುದಿಲ್ಲ. ಹೊಸ ಪದ್ಧತಿ ಬರಲಿ, ಆಮೇಲೆ ನೋಡೋಣ ಎಂದು ಕೈಕಟ್ಟಿ ಕೂರಬೇಡಿ. ಅರ್ಜಿ ಹಾಕುವ ವಾರ ಜಾಲತಾಣದಲ್ಲಿರುವ ಕೈಪಿಡಿಯನ್ನೇ ಇಳಿಸಿಕೊಳ್ಳಿ, ಪಕ್ಕದ ವಿಶ್ವವಿದ್ಯಾಲಯದವರು ಕೊಟ್ಟ ಹಳೆಯ ಪಿಡಿಎಫ್ ಬೇಡ.

ಒಂದೂವರೆ ವರ್ಷ ಮೊದಲು: ಜನ

ಮಾನ್ಯತೆಯ ಅವಧಿ ಸಾಮಾನ್ಯವಾಗಿ 5 ವರ್ಷ. ಮುಂದಿನ ಸೈಕಲ್‌ಗೆ ಅವಧಿ ಮುಗಿಯುವ ಕೊನೆಯ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಕೆಲಸ ಶುರುವಾಗಬೇಕಾದದ್ದು ಒಂದು, ಒಂದೂವರೆ ವರ್ಷ ಮೊದಲು. ಹೊಸದಾಗಿ ಹುಟ್ಟಿದ ವಿಶ್ವವಿದ್ಯಾಲಯವಾದರೆ ಎರಡು ಬ್ಯಾಚ್ ಓದಿ ಹೊರಬಿದ್ದಿರಬೇಕು, ಇಲ್ಲವೇ 6 ವರ್ಷ ತುಂಬಿರಬೇಕು.

ಏಳು ಮಾನದಂಡಕ್ಕೆ ಏಳು ತಂಡ ಮಾಡುವುದು ಎಲ್ಲರಿಗೂ ಗೊತ್ತು. ಯಾರನ್ನು ಹಾಕುತ್ತೀರಿ ಎನ್ನುವುದರಲ್ಲಿ ಸೋಲು ಗೆಲುವು ಇದೆ. ನಾವು ಮೊದಲ ಪಟ್ಟಿಯಲ್ಲಿ ಹಿರಿಯ ಪ್ರೊಫೆಸರ್‌ಗಳನ್ನೇ ತುಂಬಿದ್ದೆವು. ಸಭೆ ಚೆನ್ನಾಗಿ ನಡೆಯಿತು, ಚಹಾ ಬಿಸ್ಕತ್ತು ಖಾಲಿಯಾಯಿತು, ಎಕ್ಸೆಲ್ ಶೀಟು ಮಾತ್ರ ಖಾಲಿಯೇ ಉಳಿಯಿತು. ಎರಡನೆಯ ಪಟ್ಟಿಯಲ್ಲಿ ಪ್ರತಿ ತಂಡಕ್ಕೆ ಒಬ್ಬ ಹಿರಿಯರು, ಇಬ್ಬರು ಕಿರಿಯ ಅಧ್ಯಾಪಕರು, ಜೊತೆಗೆ ಕಚೇರಿಯಿಂದ ಒಬ್ಬ ಗುಮಾಸ್ತರು. ಆ ಗುಮಾಸ್ತರು ಬಂದಮೇಲೆಯೇ ಕೆಲಸ ಓಡತೊಡಗಿದ್ದು. 2019ರ ನೇಮಕಾತಿ ಆದೇಶ ಯಾವ ಬೀರುವಿನ ಯಾವ ಖಾನೆಯಲ್ಲಿದೆ ಎಂದು ಪ್ರೊಫೆಸರ್‌ಗೆ ಹೇಗೆ ಗೊತ್ತಿರುತ್ತದೆ?

ಹಣಕಾಸು ವಿಭಾಗ, ಪರೀಕ್ಷಾ ವಿಭಾಗ, ಗ್ರಂಥಾಲಯ, ಎಂಜಿನಿಯರಿಂಗ್ ವಿಭಾಗ, ಹಾಸ್ಟೆಲ್, ಎನ್‌ಎಸ್‌ಎಸ್. ಈ ಆರು ಕಡೆ ಒಬ್ಬೊಬ್ಬರು ಕೂಡಲೇ ಫೋನ್ ಎತ್ತುವವರು ಬೇಕು. ಆದೇಶಕ್ಕೆ ಕುಲಸಚಿವರ ಸಹಿ ಇರಲಿ. ಸಂಯೋಜಕರ ಸಹಿಯ ಪತ್ರಕ್ಕೆ ಬೇರೆ ವಿಭಾಗದವರು ಅಷ್ಟು ಬೆಲೆ ಕೊಡುವುದಿಲ್ಲ. ಇದು ದೂರಲ್ಲ, ಅನುಭವ.

ಹಾಗೇ ಹಿಂದಿನ ವರ್ಷಗಳ ಎಕ್ಯೂಎಆರ್, ಅಂದರೆ ವಾರ್ಷಿಕ ಗುಣಮಟ್ಟ ವರದಿಗಳು ಎಲ್ಲವೂ ಸಲ್ಲಿಕೆಯಾಗಿವೆಯೇ ನೋಡಿ. ಎರಡನೆಯ ಸೈಕಲ್‌ನಿಂದ ಅವಿಲ್ಲದೆ ಅರ್ಜಿಯೇ ಮುಂದಕ್ಕೆ ಹೋಗುವುದಿಲ್ಲ. ಅವುಗಳಲ್ಲಿ ಬರೆದ ಅಂಕಿ ಈಗ ನೀವು ಬರೆಯುವ ಅಂಕಿಗೆ ತಾಳೆಯಾಗಬೇಕು ಎನ್ನುವುದು ಇನ್ನೊಂದು ತಲೆನೋವು.

ಎಲ್ಲಕ್ಕಿಂತ ಮೊದಲು ನಾಲ್ಕು ಅಂಕಿ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ನಾವು ಎರಡು ತಿಂಗಳು ಕಳೆದುಕೊಂಡದ್ದು ಇಲ್ಲೇ.

ಸ್ವಯಂ ಅಧ್ಯಯನ ವರದಿಯ, ಅಂದರೆ ಎಸ್‌ಎಸ್‌ಆರ್‌ನ ಶುರುವಿನಲ್ಲಿ ‘ವಿಸ್ತೃತ ವಿವರ’ ಎಂಬ ಭಾಗ ಇದೆ. ಒಟ್ಟು ವಿದ್ಯಾರ್ಥಿಗಳು ಎಷ್ಟು, ಪೂರ್ಣಾವಧಿ ಅಧ್ಯಾಪಕರು ಎಷ್ಟು, ಮಂಜೂರಾದ ಹುದ್ದೆ ಎಷ್ಟು, ಸಂಬಳ ಬಿಟ್ಟು ಖರ್ಚು ಎಷ್ಟು. 5 ವರ್ಷದ್ದೂ ವರ್ಷವಾರು ಬೇಕು. ನೋಡಲು ಸುಲಭ. ಆದರೆ ಮುಂದೆ ಬರುವ ಎಷ್ಟೋ ಮೆಟ್ರಿಕ್‌ಗಳಿಗೆ, ಅಂದರೆ ಮಾನದಂಡದೊಳಗೆ ಅಂಕ ಇರುವ ಒಂದೊಂದು ಪ್ರಶ್ನೆಗೆ, ಇವೇ ಛೇದ. ಒಬ್ಬ ಅಧ್ಯಾಪಕರಿಗೆ ಎಷ್ಟು ಪ್ರಬಂಧ, ಒಬ್ಬ ವಿದ್ಯಾರ್ಥಿಗೆ ಎಷ್ಟು ಕಂಪ್ಯೂಟರ್, ನೂರಕ್ಕೆ ಎಷ್ಟು ಜನರಿಗೆ ವಿದ್ಯಾರ್ಥಿವೇತನ, ಎಲ್ಲದರ ಕೆಳಗೂ ಈ ಅಂಕಿಗಳೇ ಕೂತಿರುತ್ತವೆ. ಛೇದ ತಪ್ಪಿದರೆ ಹತ್ತಾರು ಕಡೆ ಒಟ್ಟಿಗೆ ತಪ್ಪುತ್ತದೆ.

ನಮ್ಮಲ್ಲಿ ವಿದ್ಯಾರ್ಥಿಗಳ ಸಂಖ್ಯೆ ನಾಲ್ಕು ಇತ್ತು! ಪ್ರವೇಶ ವಿಭಾಗದ್ದು ಒಂದು, ಪರೀಕ್ಷಾ ವಿಭಾಗದ್ದು ಇನ್ನೊಂದು, ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಗೆ ಕೊಟ್ಟದ್ದು ಮತ್ತೊಂದು, ರಾಷ್ಟ್ರೀಯ ರ‍್ಯಾಂಕಿಂಗ್ ಪಟ್ಟಿಯಾದ ಎನ್‌ಐಆರ್‌ಎಫ್‌ಗೆ ಕೊಟ್ಟದ್ದು ಮಗದೊಂದು. ಯಾರೂ ಸುಳ್ಳು ಹೇಳಿರಲಿಲ್ಲ. ಒಬ್ಬರು ಪ್ರವೇಶ ಪಡೆದು ಬಿಟ್ಟುಹೋದವರನ್ನು ಎಣಿಸಿದ್ದರು, ಇನ್ನೊಬ್ಬರು ಸಂಶೋಧನಾ ವಿದ್ಯಾರ್ಥಿಗಳನ್ನು ಸೇರಿಸಿದ್ದರು. ನಾಲ್ಕೂ ಕಡೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಬಾಗಿಲು ಹಾಕಿ, ಒಂದು ಅಂಕಿ ಒಪ್ಪಿಸಿದೆವು. ಕುಲಸಚಿವರ ಸಹಿ ಹಾಕಿಸಿ ಎಲ್ಲ ತಂಡಕ್ಕೂ ಕಳಿಸಿದೆವು. ಅದರ ಮೇಲೆ “ಇದನ್ನು ಬಿಟ್ಟು ಬೇರೆ ಅಂಕಿ ಬಳಸಬಾರದು” ಎಂದು ದಪ್ಪಕ್ಷರದಲ್ಲಿ ಬರೆದೆವು. ನೀವು ಇದನ್ನು ಮೊದಲ ತಿಂಗಳಲ್ಲೇ ಮಾಡಿಬಿಡಿ.

ಅಧ್ಯಾಪಕರ ಲೆಕ್ಕ ಇನ್ನೂ ಸೂಕ್ಷ್ಮ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಖಾಲಿ ಹುದ್ದೆ ಎಷ್ಟಿವೆ, ಅತಿಥಿ ಉಪನ್ಯಾಸಕರು ಎಷ್ಟು ಭಾರ ಹೊತ್ತಿದ್ದಾರೆ ಎನ್ನುವುದು ಎಲ್ಲರಿಗೂ ಗೊತ್ತು. ನ್ಯಾಕ್ ಪ್ರಕಾರ ಪೂರ್ಣಾವಧಿ ಎಂದರೆ ನಿಗದಿತ ಕೆಲಸದ ಅವಧಿಯಲ್ಲಿ ನೂರಕ್ಕೆ ಕಡೇಪಕ್ಷ 90ರಷ್ಟು ಭಾಗ, ಇಡೀ ಶೈಕ್ಷಣಿಕ ವರ್ಷ ಕೆಲಸ ಮಾಡಿದವರು. ವಾರಕ್ಕೆ ಎಂಟು ಗಂಟೆ ಪಾಠ ಮಾಡುವವರನ್ನು ಇಲ್ಲಿ ಸೇರಿಸಿ ಸಂಖ್ಯೆ ಹಿಗ್ಗಿಸುವ ಆಸೆ ಬರುತ್ತದೆ. ಸೇರಿಸಿದರೆ ಆದೇಶದ ಪ್ರತಿ ಕೇಳುತ್ತಾರೆ, ಸಂಬಳದ ದಾಖಲೆ ಕೇಳುತ್ತಾರೆ, ಅಲ್ಲಿ ಸಿಕ್ಕಿಬೀಳುತ್ತೀರಿ. ಅದೂ ಅಲ್ಲದೆ ಛೇದ ಹಿಗ್ಗಿದರೆ ತಲಾ ಪ್ರಬಂಧದ ಲೆಕ್ಕ ಕುಗ್ಗುತ್ತದೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುವ ಪಂಚೆ ಇದು.

ವರ್ಷ ಅಂದರೆ ಯಾವ ವರ್ಷ ಎನ್ನುವುದನ್ನೂ ಇಲ್ಲೇ ಇತ್ಯರ್ಥ ಮಾಡಿಕೊಳ್ಳಿ. ವಿದ್ಯಾರ್ಥಿಗಳಿಗೆ ಶೈಕ್ಷಣಿಕ ವರ್ಷ, ಹಣಕ್ಕೆ ಏಪ್ರಿಲ್‌ನಿಂದ ಮಾರ್ಚ್. ಪ್ರಕಟಣೆಗಳಿಗೆ ಬೇರೆ ಲೆಕ್ಕ ಇರುತ್ತದೆ. ತಂಡಕ್ಕೊಂದು ವರ್ಷ ಆಗಬಾರದು.

ಹಾಳೆ ಹುಡುಕುವ ಕೆಲಸ

ಇನ್ನು ಮೂರ್ನಾಲ್ಕು ತಿಂಗಳು ಬೇರೇನೂ ಇಲ್ಲ. ಬೀರು ತೆಗೆಯುವುದು, ಧೂಳು ಕೊಡವುವುದು, ಸ್ಕ್ಯಾನ್ ಮಾಡುವುದು.

ಕ್ರಮ ಹೀಗಿರಲಿ. ಪ್ರತಿ ಮೆಟ್ರಿಕ್‌ಗೆ ಒಂದು ಫೋಲ್ಡರ್, ಅದರೊಳಗೆ ವರ್ಷಕ್ಕೊಂದು. ಫೋಲ್ಡರ್ ಹೆಸರು ಬರೀ ಮೆಟ್ರಿಕ್ ಸಂಖ್ಯೆ. “ಫೈನಲ್”, “ಫೈನಲ್ ಹೊಸದು”, “ಫೈನಲ್ ಹೊಸದು 2” ಎಂಬ ಹೆಸರುಗಳು ಕಂಡರೆ ಅಲ್ಲೇ ಬೈಯಿರಿ. ಪೆನ್‌ಡ್ರೈವ್‌ನಲ್ಲಿ ಓಡಾಡಿಸಬೇಡಿ, ಒಂದೇ ಸರ್ವರ್ ಇರಲಿ. ದಾಖಲೆಗಳ ಕೊಂಡಿ ವಿಶ್ವವಿದ್ಯಾಲಯದ ಜಾಲತಾಣದ್ದೇ ಆಗಿರಲಿ. ಯಾರದ್ದೋ ಸ್ವಂತ ಗೂಗಲ್ ಡ್ರೈವ್ ಕೊಂಡಿ ಕೊಟ್ಟರೆ ಅವರು ವರ್ಗವಾದ ದಿನ ಬಾಗಿಲು ಮುಚ್ಚುತ್ತದೆ. ಈ ಅವಧಿಯಲ್ಲಿ ಜಾಲತಾಣವನ್ನು ಹೊಸದಾಗಿ ವಿನ್ಯಾಸ ಮಾಡಿಸಲೇಬೇಡಿ. ಕೊಂಡಿಗಳೆಲ್ಲ ಸತ್ತುಹೋಗುತ್ತವೆ.

ಯಾವುದಕ್ಕೆ ಯಾವ ಸಾಕ್ಷಿ ಎನ್ನುವುದೇ ಇಲ್ಲಿನ ವಿದ್ಯೆ. ನಮ್ಮ ಒಂದು ವಿಭಾಗದ ಹುಡುಗರಿಗೆ ಒಳ್ಳೆಯ ಕೆಲಸಗಳು ಸಿಕ್ಕಿದ್ದವು. ಮುಖ್ಯಸ್ಥರಿಗೆ ಎಲ್ಲರ ಹೆಸರೂ ನೆನಪಿತ್ತು. ಯಾರು ಯಾವ ಕಂಪನಿ, ಯಾರ ಮದುವೆ ಆಯಿತು ಎನ್ನುವುದೂ ಗೊತ್ತಿತ್ತು. ಆದರೆ ನೇಮಕಾತಿ ಪತ್ರ ಒಂದೂ ಇರಲಿಲ್ಲ. ಮೂರು ವರ್ಷದ ಹಿಂದೆ ಹೋದ ಹುಡುಗರಿಗೆ ಫೋನ್ ಮಾಡಿ ಬೇಡಿಕೊಂಡೆವು. ಕೆಲವರು ಕಳಿಸಿದರು. ಕೆಲವರು ಆ ಕಂಪನಿ ಬಿಟ್ಟಾಗಿತ್ತು. ಕೆಲವರ ನಂಬರೇ ಬದಲಾಗಿತ್ತು. ಅರ್ಧಕ್ಕರ್ಧ ಹೆಸರು ಪಟ್ಟಿಯಿಂದ ತೆಗೆಯಬೇಕಾಯಿತು. ಈಗ ನಾನು ಹೇಳುವುದು ಇಷ್ಟೇ: ಅಂಕಪಟ್ಟಿ ತೆಗೆದುಕೊಳ್ಳಲು ಬಂದ ಹುಡುಗ ಅಲ್ಲೇ ನಿಂತಿರುವಾಗ ಆಫರ್ ಲೆಟರ್ ಅಥವಾ ಮುಂದಿನ ಕಾಲೇಜಿನ ಐಡಿ ಕಾರ್ಡಿನ ಫೋಟೋ ತೆಗೆದುಕೊಳ್ಳಿ.

ಕಾರ್ಯಕ್ರಮಗಳಿಗೆ ಸುತ್ತೋಲೆ, ಹಾಜರಿ ಪಟ್ಟಿ, ಒಂದು ಪುಟದ ವರದಿ, ಜಿಯೋಟ್ಯಾಗ್, ಅಂದರೆ ತೆಗೆದ ಜಾಗದ ಗುರುತು ಇರುವ ಫೋಟೋ. ನಾಲ್ಕೂ ಇದ್ದರೆ ನಡೆದಿದೆ, ಇಲ್ಲದಿದ್ದರೆ ನಡೆದಿಲ್ಲ. ಫೋನಿನ ಕ್ಯಾಮೆರಾ ಆ್ಯಪ್‌ನಲ್ಲಿ ದಿನಾಂಕ, ಜಾಗ ಸರಿಯಾಗಿ ಬರುತ್ತಿದೆಯೇ ನೋಡಿಕೊಳ್ಳಿ. ನಮ್ಮ ಒಂದು ರಕ್ತದಾನ ಶಿಬಿರ ಫೋಟೋದಲ್ಲಿ ಪಕ್ಕದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಡೆದಂತೆ ಕಾಣುತ್ತಿತ್ತು. ಲೊಕೇಶನ್ ಆಫ್ ಇದ್ದ ಫೋನು, ಹಿಂದೆ ಎಲ್ಲೋ ಹಿಡಿದಿದ್ದ ಜಾಗವನ್ನೇ ಅಚ್ಚು ಹಾಕಿತ್ತು.

ಖರ್ಚಿನ ಮೆಟ್ರಿಕ್‌ಗಳಿಗೆ ಲೆಕ್ಕಪರಿಶೋಧನೆ ಆದ ಲೆಕ್ಕಪತ್ರವೇ ಬೇಕು. ಬೇಕಾದ ಸಾಲನ್ನು ಬಣ್ಣದಲ್ಲಿ ಗುರುತು ಮಾಡಿ, ಪಕ್ಕದಲ್ಲಿ ಮೆಟ್ರಿಕ್ ಸಂಖ್ಯೆ ಬರೆದು, ಹಣಕಾಸು ಅಧಿಕಾರಿಯ ಸಹಿ ಹಾಕಿಸಿ. ಹಣಕಾಸು ವಿಭಾಗದವರಿಗೆ ಮಾರ್ಚ್, ಏಪ್ರಿಲ್‌ನಲ್ಲಿ ತೊಂದರೆ ಕೊಡಬೇಡಿ, ಕೊಟ್ಟರೂ ಸಿಗುವುದಿಲ್ಲ.

ಮೀಸಲಾತಿಯ ಮೆಟ್ರಿಕ್ ಬಂದಾಗ ನಮ್ಮ ರಾಜ್ಯದವರಿಗೆ ಒಂದು ವಿಶೇಷ ತೊಡಕು. ಅಲ್ಲಿ ಕೇಳುವುದು ಎಸ್‌ಸಿ, ಎಸ್‌ಟಿ, ಒಬಿಸಿ. ನಮ್ಮ ಪ್ರವೇಶ ಪಟ್ಟಿಯಲ್ಲಿ ಇರುವುದು ಪ್ರವರ್ಗ-1, 2ಎ, 2ಬಿ, 3ಎ, 3ಬಿ. ದೂರದ ಊರಿನಲ್ಲಿ ಕೂತು ಪರಿಶೀಲಿಸುವವರಿಗೆ 3ಬಿ ಅಂದರೆ ಬಸ್ ನಂಬರ್ ಅನಿಸಬಹುದು. ಸರ್ಕಾರಿ ಆದೇಶದ ಪ್ರತಿ ಲಗತ್ತಿಸಿ, ಯಾವುದೆಲ್ಲ ಸೇರಿ ಒಬಿಸಿ ಆಗುತ್ತದೆ ಎಂದು ಅರ್ಧ ಪುಟದ ವಿವರಣೆ ಕೊಡಿ.

ಸಂಶೋಧನೆಯ 250

ಅತಿ ಹೆಚ್ಚು ಅಂಕ ಇರುವುದು ಇಲ್ಲಿ, ಅತಿ ಹೆಚ್ಚು ಜಗಳ ಆಗುವುದೂ ಇಲ್ಲೇ. ಪ್ರತಿ ಅಧ್ಯಾಪಕರಿಂದ ಪ್ರಬಂಧಗಳ ಪಟ್ಟಿ ಕೇಳಿದರೆ ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ಮಾನ್ಯ ಪತ್ರಿಕೆಯಲ್ಲಿ ಬಂದದ್ದು ಎಷ್ಟು ಎಂದು ಸೋಸಿದರೆ ಪಟ್ಟಿ ಗಿಡ್ಡವಾಗುತ್ತದೆ, ಮುಖಗಳು ಉದ್ದವಾಗುತ್ತವೆ. ಸೋಸುವ ಕೆಲಸವನ್ನು ಗ್ರಂಥಪಾಲಕರಿಗೆ ಕೊಡಿ. ಸಹೋದ್ಯೋಗಿಯ ಪ್ರಬಂಧವನ್ನು ಸಹೋದ್ಯೋಗಿ ತೆಗೆದರೆ ಮುಂದಿನ ಐದು ವರ್ಷ ಮಾತು ಬಿಡುತ್ತಾರೆ.

ಯುಜಿಸಿ ತನ್ನ ಕೇರ್ ಪಟ್ಟಿಯನ್ನು, ಅಂದರೆ ಮಾನ್ಯ ಪತ್ರಿಕೆಗಳ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಿತು. ಆದರೆ ನಿಮ್ಮ ಐದು ವರ್ಷದಲ್ಲಿ ಹಿಂದಿನ ಕಾಲದ ಪ್ರಬಂಧಗಳೂ ಇರುತ್ತವೆ. ಆಗ ಪತ್ರಿಕೆ ಪಟ್ಟಿಯಲ್ಲಿತ್ತು ಎನ್ನುವುದಕ್ಕೆ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದವರು ಬುದ್ಧಿವಂತರು.

ಕನ್ನಡ, ಇತಿಹಾಸ, ಜಾನಪದ ವಿಭಾಗದವರ ಸಂಕಟ ಇಲ್ಲಿ ನಿಜವಾದದ್ದು. ಹಳ್ಳಿಹಳ್ಳಿ ತಿರುಗಿ ಶಾಸನ ಓದಿ ಬರೆದ ಲೇಖನ ಜಾಗತಿಕ ಪ್ರಬಂಧಸೂಚಿಯಾದ ಸ್ಕೋಪಸ್‌ನಲ್ಲಿ ಕಾಣುವುದಿಲ್ಲ. ಉಲ್ಲೇಖದ ಎಣಿಕೆಯಲ್ಲಿ ರಸಾಯನಶಾಸ್ತ್ರದವರ ಒಂದು ಪ್ರಬಂಧಕ್ಕೆ ಬರುವಷ್ಟು ಇಡೀ ಕನ್ನಡ ವಿಭಾಗಕ್ಕೆ ಬರುವುದಿಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೆ ಸುಮ್ನೆ ಕೊರಗುವ ಬದಲು ಇರುವ ದಾರಿ ಹಿಡಿಯಿರಿ. ಪುಸ್ತಕಗಳಿಗೆ, ಪುಸ್ತಕದ ಅಧ್ಯಾಯಗಳಿಗೆ ಬೇರೆ ಮೆಟ್ರಿಕ್ ಇದೆ. ಮುಖಪುಟ, ಐಎಸ್‌ಬಿಎನ್ ಇರುವ ಪುಟ, ಪರಿವಿಡಿ, ಮೂರನ್ನೂ ಸ್ಕ್ಯಾನ್ ಮಾಡಿ. ಐಎಸ್‌ಬಿಎನ್ ಇಲ್ಲದೆ ಅಚ್ಚಾಗುವ ಸ್ಮರಣ ಸಂಚಿಕೆಗೆ ಬರೆಯುವ ಶ್ರಮವನ್ನು ಇನ್ನು ಮುಂದೆ ಐಎಸ್‌ಬಿಎನ್ ಇರುವ ಪುಸ್ತಕಕ್ಕೆ ಹಾಕಿ ಎಂದು ವಿಭಾಗದ ಸಭೆಯಲ್ಲಿ ಹೇಳಿ. ಪಿಎಚ್‌ಡಿ ಪ್ರಬಂಧಗಳು ಅವುಗಳದ್ದೇ ರಾಷ್ಟ್ರೀಯ ಜಾಲಭಂಡಾರವಾದ ಶೋಧಗಂಗಾದಲ್ಲಿ ಏರಿವೆಯೇ ಎಂದೂ ನೋಡಿ. ಎಷ್ಟೋ ಕಡೆ ಸಿ.ಡಿ. ಕಪಾಟಿನಲ್ಲೇ ಉಳಿದಿರುತ್ತದೆ.

ಕನ್ನಡ ಕಡತ, ಇಂಗ್ಲಿಷ್ ಪರಿಶೀಲಕ

ನಮ್ಮ ಆಡಳಿತ ಭಾಷೆ ಕನ್ನಡ. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ನಡಾವಳಿ, ಸುತ್ತೋಲೆ, ಆದೇಶ ಎಲ್ಲ ಕನ್ನಡದಲ್ಲಿ. ಇದು ಹೆಮ್ಮೆಯ ವಿಷಯ. ಆದರೆ ನ್ಯಾಕ್‌ಗೆ ಪ್ರಾದೇಶಿಕ ಭಾಷೆಯ ದಾಖಲೆ ಕೊಡುವಾಗ ಸಹಿ ಮಾಡಿದ ಇಂಗ್ಲಿಷ್ ಅನುವಾದವೂ ಜೊತೆಗಿರಬೇಕು. ಇದಕ್ಕೆ ಸಮಯ ಇಡುವುದನ್ನು ಎಲ್ಲರೂ ಮರೆಯುತ್ತಾರೆ. ನಾವೂ ಮರೆತಿದ್ದೆವು.

“ಸದರಿ ವಿಷಯವನ್ನು ಕೂಲಂಕಷವಾಗಿ ಚರ್ಚಿಸಿ, ಪ್ರಸ್ತಾವನೆಯಲ್ಲಿ ವಿವರಿಸಿರುವಂತೆ, ಷರತ್ತುಗಳಿಗೊಳಪಟ್ಟು…” ಎಂದು ಅರ್ಧ ಪುಟ ಓಡುವ ಒಂದೇ ವಾಕ್ಯವನ್ನು ಯಂತ್ರಕ್ಕೆ ಹಾಕಿದೆವು. ಹೊರಬಂದಾಗ ಕುಲಸಚಿವರು ಯಾವುದೋ ಕುಲದ ಮಂತ್ರಿ ಆಗಿದ್ದರು. ನಕ್ಕು ಸುಸ್ತಾಗಿ, ಕೊನೆಗೆ ಇಂಗ್ಲಿಷ್ ವಿಭಾಗದ ಇಬ್ಬರನ್ನು, ಆಡಳಿತದ ಕನ್ನಡ ಗೊತ್ತಿದ್ದ ನಿವೃತ್ತ ಅಧೀಕ್ಷಕರೊಬ್ಬರನ್ನು ಒಟ್ಟಿಗೆ ಕೂರಿಸಿದೆವು. ಇಡೀ ನಡಾವಳಿ ಬೇಡ, ಬೇಕಾದ ನಿರ್ಣಯದ ಭಾಗ ಮಾತ್ರ ಅನುವಾದಿಸಿ. ನೂರು ಪುಟದ ಕೆಲಸ ಹತ್ತಕ್ಕೆ ಇಳಿಯುತ್ತದೆ. ಹುದ್ದೆಗಳ ಹೆಸರಿಗೆ ಒಂದೇ ಇಂಗ್ಲಿಷ್ ರೂಪದ ಪಟ್ಟಿ ಮೊದಲೇ ಮಾಡಿಕೊಳ್ಳಿ.

ಬರೆಯುವ ಭಾಗ

ವಿವರಣೆಯ ಮೆಟ್ರಿಕ್‌ಗಳಿಗೆ ಸಾಮಾನ್ಯವಾಗಿ 500 ಪದದ ಮಿತಿ ಇರುತ್ತದೆ. ಏಳು ತಂಡ ಬರೆದದ್ದನ್ನು ಒಬ್ಬರೇ ಕೂತು ತಿದ್ದಬೇಕು, ಇಲ್ಲದಿದ್ದರೆ ಒಂದೇ ಗ್ರಂಥಾಲಯಕ್ಕೆ ಮೂರು ಕಡೆ ಮೂರು ಪುಸ್ತಕಸಂಖ್ಯೆ ಬರುತ್ತದೆ. ವಿಶೇಷಣ ಕಡಿಮೆ, ಅಂಕಿ ಜಾಸ್ತಿ ಇರಲಿ. “ವಿಶ್ವದರ್ಜೆಯ ಪ್ರಯೋಗಾಲಯ” ಎಂದು ಬರೆದರೆ ತಂಡ ಅದನ್ನೇ ಮೊದಲು ನೋಡಲು ಹೋಗುತ್ತದೆ. ದೌರ್ಬಲ್ಯ ಬರೆಯುವ ಜಾಗದಲ್ಲಿ ನಿಜವಾದ ದೌರ್ಬಲ್ಯವನ್ನೇ ಬರೆಯಿರಿ. ಖಾಲಿ ಹುದ್ದೆಗಳನ್ನು ಮುಚ್ಚಿಡಲು ಹೇಗೂ ಆಗುವುದಿಲ್ಲ.

ಏಳನೆಯ ಮಾನದಂಡದಲ್ಲಿ ಎರಡು ಉತ್ತಮ ಪದ್ಧತಿ, ಒಂದು ಸಂಸ್ಥೆಯ ವೈಶಿಷ್ಟ್ಯ ಕೇಳುತ್ತಾರೆ. ಎಲ್ಲರೂ ಸಸಿ ನೆಟ್ಟದ್ದನ್ನು ಬರೆಯುತ್ತಾರೆ. ನಿಮ್ಮಲ್ಲಿ ಮಾತ್ರ ಇರುವುದು ಯಾವುದು ಎಂದು ಯೋಚಿಸಿ. ಮೈಸೂರು ವಿಶ್ವವಿದ್ಯಾನಿಲಯಕ್ಕೆ ಪ್ರಾಚ್ಯವಿದ್ಯಾ ಸಂಶೋಧನಾಲಯದ ತಾಳೆಗರಿಗಳಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಹುಟ್ಟಿದ್ದೇ ನಾಡುನುಡಿಯ ಸಂಶೋಧನೆಗೆ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ, ಇವಕ್ಕೆ ವೈಶಿಷ್ಟ್ಯ ಹೆಸರಲ್ಲೇ ಇದೆ. ಬೇರೆಯವರು ಹುಡುಕಬೇಕು. ಸುತ್ತಲ ರೈತರ ಮಣ್ಣು ಪರೀಕ್ಷೆ ಮಾಡಿಕೊಡುವ ಒಂದು ಸಣ್ಣ ಪ್ರಯೋಗಾಲಯ ವರ್ಷವರ್ಷ ಸದ್ದಿಲ್ಲದೆ ನಡೆಯುತ್ತಿದ್ದರೆ ಅದೇ ಸಾಕು. ರಿಜಿಸ್ಟರ್ ಇರಬೇಕು ಅಷ್ಟೆ.

ಅರ್ಜಿ ಒತ್ತಿದ ಮೇಲೆ 45 ದಿನ

ಮೊದಲು ಹಾಕುವ ಅರ್ಜಿಯ ಹೆಸರು ಐಐಕ್ಯೂಎ. ಅದು ಒಪ್ಪಿಗೆಯಾದ ದಿನದಿಂದ 45 ದಿನದೊಳಗೆ ಎಸ್‌ಎಸ್‌ಆರ್ ಸಲ್ಲಿಸಬೇಕು. ಈ 45 ದಿನದಲ್ಲಿ ವರದಿ ಬರೆದುಬಿಡೋಣ ಎಂದುಕೊಂಡವರು ಕೆಟ್ಟರು. ವರದಿಯ ಕರಡು ಪೂರ್ತಿ ಸಿದ್ಧವಾಗಿ, ಎಲ್ಲ ಕೊಂಡಿಗಳನ್ನು ಹೊರಗಿನ ಒಬ್ಬರು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದ ಮೇಲೆ ಅರ್ಜಿ ಒತ್ತಿ. ಈ 45 ದಿನ ಬರೀ ಅಪ್‌ಲೋಡ್‌ಗೆ, ಕರೆಂಟ್ ಹೋಗುವುದಕ್ಕೆ, ಪೋರ್ಟಲ್ ನಿಂತುಹೋಗುವುದಕ್ಕೆ.

ಇದೇ ಹೊತ್ತಿಗೆ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯೂ ಬರುತ್ತದೆ. ನೀವು ಕೊಟ್ಟ ಪಟ್ಟಿಯ ವಿದ್ಯಾರ್ಥಿಗಳಿಗೆ ನ್ಯಾಕ್ ನೇರವಾಗಿ ಇಮೇಲ್ ಕಳಿಸುತ್ತದೆ. ವಿಶ್ವವಿದ್ಯಾಲಯವಾದರೆ ನೂರಕ್ಕೆ 10 ಜನ ಅಥವಾ 500 ಜನ, ಯಾವುದು ಕಡಿಮೆಯೋ ಅಷ್ಟು ಉತ್ತರ ಬರಲೇಬೇಕು. ಬಾರದಿದ್ದರೆ ಆ ಮೆಟ್ರಿಕ್‌ನ ಅಂಕ ಹೋಯಿತು. ಸುಲಭ ಅನಿಸುತ್ತದೆ, ಅಲ್ವಾ? ನಮ್ಮ ಹುಡುಗರಲ್ಲಿ ಎಷ್ಟೋ ಜನ ಪ್ರವೇಶದ ಅರ್ಜಿ ತುಂಬಿದ್ದು ಊರಿನ ಸೈಬರ್ ಸೆಂಟರ್‌ನಲ್ಲಿ. ಅಲ್ಲಿ ಕೊಟ್ಟ ಇಮೇಲ್ ಸೈಬರ್ ಸೆಂಟರಿನವನದು! ಒಂದೇ ಇಮೇಲಿಗೆ ಇಪ್ಪತ್ತು ವಿದ್ಯಾರ್ಥಿಗಳು. ಆರು ತಿಂಗಳು ಮೊದಲೇ ತರಗತಿಗೆ ಹೋಗಿ, ಫೋನಿನಲ್ಲಿ ಅವರವರ ಇಮೇಲ್ ತೆರೆಸಿ, ಒಂದು ಪರೀಕ್ಷಾ ಮೇಲ್ ಕಳಿಸಿ, ಬಂತಾ ಎಂದು ಕೇಳಿ ಬರೆದುಕೊಳ್ಳಿ. ಸ್ಪ್ಯಾಮ್ ಫೋಲ್ಡರ್ ನೋಡುವುದನ್ನೂ ಹೇಳಿಕೊಡಿ. ಏನು ಉತ್ತರಿಸಬೇಕು ಎಂದು ಮಾತ್ರ ಹೇಳಿಕೊಡಬೇಡಿ.

ಡಿವಿವಿ: ನಿಜವಾದ ಪರೀಕ್ಷೆ

ಡಿವಿವಿ ಎಂದರೆ ದತ್ತಾಂಶ ಪರಿಶೀಲನೆ. ನೀವು ಕೊಟ್ಟ ಅಂಕಿಗೆ ಸಾಕ್ಷಿ ಸಾಲದು ಎಂದರೆ ಸ್ಪಷ್ಟನೆ ಕೇಳುತ್ತಾರೆ. ಕೆಲವಕ್ಕೆ ಮಾದರಿಯಾಗಿ ಹೆಸರು ಆರಿಸಿ “ಈ ಹತ್ತು ಜನರ ಆದೇಶ ಕೊಡಿ” ಎನ್ನುತ್ತಾರೆ. ದಿನ ಎಣಿಸಿ ಕೊಟ್ಟಿರುತ್ತಾರೆ. ಆ ದಿನಗಳಲ್ಲಿ ಯಾರಿಗೂ ರಜೆ ಇಲ್ಲ ಎಂದು ಮೊದಲೇ ಆದೇಶ ಮಾಡಿಸಿ. ಪ್ರಶ್ನೆಯನ್ನು ಎರಡು ಸಲ ಓದಿ, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಕೇಳಿದ್ದು ಒಂದು ಪುಟವಾದರೆ ಇನ್ನೂರು ಪುಟ ತುಂಬಬೇಡಿ, ಬೇಕಾದ ಪುಟವೇ ಅದರಲ್ಲಿ ಮುಳುಗಿಹೋಗುತ್ತದೆ. ಸಾಕ್ಷಿ ಇಲ್ಲದ ಅಂಕಿಯನ್ನು ಸದ್ದಿಲ್ಲದೆ ಇಳಿಸಿಬಿಡಿ. ಹಿಂದಿನ ದಿನಾಂಕ ಹಾಕಿ ಕಾಗದ ತಯಾರಿಸುವ ಸಲಹೆ ಖಂಡಿತ ಯಾರಾದರೂ ಕೊಡುತ್ತಾರೆ. ನಮಗೂ ಕೊಟ್ಟರು. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಅಂಕ ಅಲ್ಲ, ಇಡೀ ಪ್ರಕ್ರಿಯೆಯೇ ನಿಲ್ಲಬಹುದು.

ಈ ಹಂತದಲ್ಲಿ ಅಂಕಿಅಂಶದ ಭಾಗದಲ್ಲಿ ನೂರಕ್ಕೆ ಕಡೇಪಕ್ಷ 25ರಷ್ಟು ಅಂಕ ಉಳಿದರೆ ಮಾತ್ರ ಪೀರ್ ಟೀಮಿನ ಭೇಟಿ.

ಪೀರ್ ಟೀಮ್ ಬಂದಾಗ

ಇಲ್ಲಿಯವರೆಗೆ ಬಂದಿದ್ದರೆ ಹೆಚ್ಚಿನ ಅಂಕ ತೀರ್ಮಾನ ಆಗಿಹೋಗಿದೆ. ಇದನ್ನು ಕುಲಪತಿಗಳಿಗೆ ಮೊದಲೇ ವಿವರಿಸಿ. ಇಲ್ಲದಿದ್ದರೆ ಇಡೀ ಬಜೆಟ್ಟು ಸ್ವಾಗತ ಕಮಾನಿಗೆ ಹೋಗುತ್ತದೆ.

ಎರಡು ಮೂರು ದಿನ ಇರುತ್ತಾರೆ. ಕುಲಪತಿಗಳ ಪ್ರಸ್ತುತಿ, ವಿಭಾಗಗಳ ಭೇಟಿ, ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು, ಪೋಷಕರು, ಬೋಧಕೇತರ ಸಿಬ್ಬಂದಿ ಜೊತೆ ಮಾತು. ಪ್ರಸ್ತುತಿ ಚಿಕ್ಕದಾಗಿರಲಿ, ಅದರಲ್ಲಿನ ಅಂಕಿ ಎಸ್‌ಎಸ್‌ಆರ್‌ನ ಅಂಕಿಯೇ ಆಗಿರಲಿ. ತಿಂಗಳು ಮೊದಲು ಬೇರೆ ವಿಶ್ವವಿದ್ಯಾಲಯದ ಮೂವರನ್ನು ಕರೆಸಿ ಅಣಕು ಭೇಟಿ ಮಾಡಿಸಿ. ಗೊತ್ತಿದ್ದವರನ್ನು ಕರೆಸಬೇಡಿ, ಹೊಗಳಿ ಹೋಗುತ್ತಾರೆ. ಇಳಿಜಾರಿನ ರ‍್ಯಾಂಪ್ ಇದೆ ಎಂದು ಬರೆದು ಅದರ ತುದಿಯಲ್ಲಿ ಬೀಗ ಹಾಕಿದ ಬಾಗಿಲು ಇದ್ದದ್ದು ನಮಗೆ ಕಂಡಿದ್ದು ಅಣಕು ಭೇಟಿಯಲ್ಲೇ.

ಹುಡುಗರಿಗೆ ಉತ್ತರ ಬಾಯಿಪಾಠ ಮಾಡಿಸಬೇಡಿ. ಕೇಳುವವರೂ ಮೇಷ್ಟ್ರುಗಳೇ, ಎರಡನೆಯ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ. ನಮ್ಮ ಒಬ್ಬ ಹುಡುಗಿ ಎದ್ದು ನಿಂತು, “ಹಾಸ್ಟೆಲ್‌ನಲ್ಲಿ ಬಿಸಿನೀರು ಬರಲ್ಲ ಸರ್, ಆದ್ರೆ ಲೈಬ್ರರಿ ರಾತ್ರಿ ಹತ್ತರವರೆಗೂ ತೆಗೆದಿರುತ್ತೆ” ಎಂದಳು. ನನ್ನ ಎದೆ ಧಸಕ್ ಎಂದಿತು. ವರದಿಯಲ್ಲಿ ಗ್ರಂಥಾಲಯದ ಅವಧಿಗೆ ಮೆಚ್ಚುಗೆ ಇತ್ತು. ಬಿಸಿನೀರಿನ ವಿಷಯವೂ ಸಲಹೆಯಾಗಿ ಬಂತು, ಅದೇ ನೆಪದಲ್ಲಿ ಸೋಲಾರ್ ಹೀಟರ್‌ಗೆ ಹಣ ಮಂಜೂರಾಯಿತು.

ಉಡುಗೊರೆ ಬೇಡ. ಶಾಲು, ಹಾರದ ಮಾತಲ್ಲ. ತಂಡದ ಪ್ರಯಾಣ, ವಸತಿ, ಗೌರವಧನ ಎಲ್ಲವನ್ನೂ ನ್ಯಾಕ್ ನೋಡಿಕೊಳ್ಳುತ್ತದೆ, ಸಂಸ್ಥೆ ಮತ್ತು ತಂಡದ ನಡುವೆ ಹಣದ ವ್ಯವಹಾರ ಇರಕೂಡದು ಎಂದೇ ನಿಯಮ. 2025ರ ಫೆಬ್ರವರಿಯಲ್ಲಿ ಲಂಚದ ಆರೋಪದ ಮೇಲೆ ಒಂದು ಪರಿಶೀಲನಾ ತಂಡದ ಅಧ್ಯಕ್ಷರನ್ನೂ ಸದಸ್ಯರನ್ನೂ ಸಿಬಿಐ ಬಂಧಿಸಿದ್ದು ಎಲ್ಲರೂ ಓದಿದ ಸುದ್ದಿ. “ನಮಗೆ ಒಳಗಿನವರು ಗೊತ್ತು” ಎಂದು ಫೋನ್ ಮಾಡುವ ಸಲಹೆಗಾರರು ನಿಮ್ಮ ನಂಬರನ್ನೂ ಹುಡುಕಿಕೊಂಡು ಬರುತ್ತಾರೆ. ಫೋನ್ ಇಟ್ಟುಬಿಡಿ.

ಫಲಿತಾಂಶದ ಮರುದಿನ

ಗ್ರೇಡ್ ಕಡಿಮೆ ಬಂದರೆ ಒಂದು ವರ್ಷ ಕಳೆದ ಮೇಲೆ, ಮೂರು ವರ್ಷದೊಳಗೆ ಮರುಮೌಲ್ಯಮಾಪನ ಕೇಳಬಹುದು. ಆತುರ ಬೇಡ. ಯಾವ ಮೆಟ್ರಿಕ್‌ನಲ್ಲಿ ಎಷ್ಟು ಹೋಯಿತು ಎಂಬ ಹಾಳೆ ಸಿಗುತ್ತದೆ. ಅದನ್ನು ಎಲ್ಲ ವಿಭಾಗಕ್ಕೂ ಹಂಚಿ, ಆಮೇಲೆ ತೀರ್ಮಾನಿಸಿ. ಚೆನ್ನಾಗಿ ಬಂದರೆ ಸಿಹಿ ಹಂಚಿ, ಸ್ಕ್ಯಾನ್ ಮಾಡಿದ ಹುಡುಗರನ್ನೂ ಬೀರು ತೆಗೆದುಕೊಟ್ಟ ಅಟೆಂಡರ್‌ಗಳನ್ನೂ ವೇದಿಕೆಗೆ ಕರೆಯಿರಿ. ಏಳು ತಂಡವನ್ನು ವಿಸರ್ಜಿಸಬೇಡಿ. ಆ ವರ್ಷದ ಎಕ್ಯೂಎಆರ್‌ಗೆ ಡಿಸೆಂಬರ್ 31 ಕಾದಿರುತ್ತದೆ.

ನಮ್ಮಲ್ಲಿ ತಂಡ ಹೊರಟ ಮರುದಿನ ನಾನು ತಡವಾಗಿ ಕಚೇರಿಗೆ ಹೋದೆ. ಎನ್‌ಎಸ್‌ಎಸ್ ಅಧಿಕಾರಿ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಹಿಂದಿನ ವಾರದ ಶಿಬಿರದ ಹಾಜರಿ ಪಟ್ಟಿ. “ಇದನ್ನ ಯಾವ ಫೋಲ್ಡರಿಗೆ ಹಾಕ್ಲಿ ಸರ್?” ಎಂದರು.